ವಾಸಿಯಾದ ಕೈಗೆ ಅಚ್ಚಿಲ್ಲ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಮಹಾನುಭಾವರಾದ ಯಜಮಾನರಿಗೆ,

ನಿಮ್ಮ ಹೆಂಡತಿಯ ನಮಸ್ಕಾರಗಳು. ನಮಸ್ಕಾರ ಇಲ್ಲಿಗೆ ಮುಗಿಯಿತು, ಇನ್ನು ಮುಂದಿರುವುದೆಲ್ಲ ಬೈಗುಳ. ಕೂತುಕೊಂಡು ಓದಿ. ನಿಂತೇ ಓದುವ ಅಭ್ಯಾಸ ನಿಮಗೆ, ಅರ್ಧ ಓದಿ ಮಡಚಿ ಜೇಬಿಗೆ ತುರುಕುತ್ತೀರಿ. ಈ ಪತ್ರಕ್ಕೂ ಅದೇ ಗತಿ ಕಾಣಿಸಿದರೆ ನಾನೇ ಬಸ್ಸು ಹತ್ತಿ ಬಂದು, ನಿಮ್ಮ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಓದಿ ಹೇಳುತ್ತೇನೆ. ನಾನು ಮಾಡುವವಳು ಅಂತ ನಿಮಗೆ ಗೊತ್ತು.

ನಮ್ಮ ರೇಡಿಯೋ ರಜೆಗೆ ನಿಮ್ಮಲ್ಲಿಗೆ ಬಂದು ನಾಲ್ಕು ದಿನ ಇದ್ದು ವಾಪಸ್ಸಾದಳಲ್ಲ, ಅವತ್ತಿನಿಂದ ನನ್ನ ತಲೆ ನೆಟ್ಟಗಿಲ್ಲ. ಮಗಳಿಗೆ ಆ ಅಡ್ಡಹೆಸರಿಟ್ಟವರು ನೀವೇ, ಬಾಯಿ ಬಿಟ್ಟರೆ ನಿಲ್ಲಿಸುವುದಿಲ್ಲ ಅಂತ. ಹದಿನೈದು ತುಂಬಿದರೂ ಆ ಸ್ಟೇಷನ್ ಬಂದ್ ಆಗಿಲ್ಲ, ಸದ್ಯ. ಬ್ಯಾಗು ಕೆಳಗಿಡುವ ಮೊದಲೇ ನಿಮ್ಮ ಸಮಾಚಾರ ಶುರು ಮಾಡಿದಳು. ಅಪ್ಪನ ಜೊತೆ ಮಾರುಕಟ್ಟೆಗೆ ಹೊರಟಿದ್ದಳಂತೆ. ದಾರಿಯಲ್ಲಿ ನಿಮ್ಮ ಬಲಗಾಲಿನ ಚಪ್ಪಲಿ ಕಳಚಿ ಬಿತ್ತಂತೆ. ನೀವು ಏನೂ ಆಗದವರ ಹಾಗೆ ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ನಡೆದೇ ನಡೆದಿರಂತೆ. ಹಣ್ಣಿನ ಗಾಡಿಯವನು ಹಿಂದಿನಿಂದ ಕೂಗಿದ ಮೇಲೆ ಕೆಳಗೆ ನೋಡಿಕೊಂಡಿರಂತೆ. ಇದನ್ನು ಅಡುಗೆಮನೆಯಲ್ಲಿ ನಡೆದು ತೋರಿಸಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಮರೆಗುಳಿ ಮನುಷ್ಯ, ಇನ್ನು ತಲೆಯೊಂದನ್ನು ಎಲ್ಲಾದರೂ ಬಿಟ್ಟುಬರುವುದು ಬಾಕಿ ಅಂದೆ.

ಆಮೇಲೆ ಹಾಲಿನ ಪಾತ್ರೆಯ ಕಥೆ ಬಂತು. ಉಕ್ಕುತ್ತಿದ್ದ ಪಾತ್ರೆಯನ್ನು ಬಟ್ಟೆ ಹಿಡಿಯದೆ ಬರಿಗೈಯಲ್ಲಿ ಇಳಿಸಿದಿರಂತೆ. ಅಂಗೈಯ ಅಂಚು, ಕಿರುಬೆರಳಿನ ಕಡೆ, ಬೆಂದು ಬೊಬ್ಬೆ ಎದ್ದಿತ್ತಂತೆ. ಅದನ್ನು ನಿಮಗೆ ತೋರಿಸಿಕೊಟ್ಟವಳೇ ಇವಳಂತೆ. ನಮ್ಮಪ್ಪನ ಕೈ ಅಂದರೆ ಕಬ್ಬಿಣ ಅಂತ ಹೆಮ್ಮೆ ಬೇರೆ. ನಾನು ಹೆಚ್ಚುತ್ತಿದ್ದ ತರಕಾರಿ ಬಿಟ್ಟು ಅವಳ ಮುಖ ನೋಡಿದೆ. ಬೆರಳು ಹೇಗಿವೆ ಅಂತ ಕೇಳಿದೆ. ಕಿರುಬೆರಳೂ ಉಂಗುರಬೆರಳೂ ಸ್ವಲ್ಪ ಬಾಗಿಕೊಂಡಿವೆ, ನೆಟ್ಟಗೆ ಮಾಡೋಕೆ ಆಗಲ್ಲ, ಚಳಿಗೆ ಹಿಡಿದುಕೊಂಡಿದೆ ಅಂದರು ಅಪ್ಪ, ಅಂದಳು. ಹಿಂದಿನ ರಜೆಯಲ್ಲಿ ಹೋದಾಗ ಹೀಗಿತ್ತಾ ಅಂದರೆ, ಇಲ್ಲ, ಆಗ ನನಗೆ ಜಡೆ ಹಾಕಿದ್ದರಲ್ಲ ಅಂದಳು. ಕೊನೆಗೆ ಇನ್ನೊಂದು ಮಾತು. ರಾತ್ರಿ ನಿಮ್ಮ ಕೋಣೆಯಲ್ಲಿ ಅವಳನ್ನು ಮಲಗಿಸಲಿಲ್ಲವಂತೆ, ಕೆಳಗಿನ ಮನೆಯ ಓನರಮ್ಮನ ಜೊತೆ ಮಲಗು ಅಂದಿರಂತೆ. ನಿಮ್ಮ ತಟ್ಟೆ ಲೋಟ ಬೇರೆ ಮೂಲೆಯಲ್ಲಿ ಇತ್ತಂತೆ, ಮುಟ್ಟಹೋದರೆ ಗದರಿದಿರಂತೆ.

ರೀ, ನನ್ನ ಎದೆ ಧಸಕ್ ಅಂತು. ಬಾಯಿ ಒಣಗಿತು. ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗಿ, ಅಂಗೈ ಬೆವತು, ಚಾಕು ಜಾರಿತು. ನಮ್ಮ ಕಾರ್ಖಾನೆಗೆ ಶಾಲೆ ಮಕ್ಕಳು ಬಂದಾಗಲೆಲ್ಲ ನೀವು ಹೇಳುತ್ತಿದ್ದಿರಲ್ಲ, ನಮ್ಮ ಅಪ್ಪಣೆ ಕೇಳದೆ ಕೆಲಸ ಮಾಡುವ ನರಗಳ ಒಂದು ಪಂಗಡವೇ ಬೇರೆ ಇದೆ, ಗುಂಡಿಗೆಯನ್ನು ಓಡಿಸುವುದು, ಹೊಟ್ಟೆಯನ್ನು ನಿಲ್ಲಿಸುವುದು, ಬೆವರು ತರಿಸುವುದು ಎಲ್ಲ ಅವೇ ಅಂತ. ಅವತ್ತು ನನ್ನೊಳಗೆ ಆ ಪಂಗಡ ಪೂರ್ತಿ ಎದ್ದು ನಿಂತಿತ್ತು. ತಲೆಗೆ ಅರ್ಥವಾಗುವ ಮೊದಲೇ ಮೈಗೆ ಅರ್ಥವಾಗಿಹೋಗಿತ್ತು.

ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗೆ ದುಡಿದವರು ನಾವು. ವೈದ್ಯ ಕಾಲೇಜುಗಳಿಗೆ ಮೇಣದ ಮನುಷ್ಯರನ್ನು ಮಾಡಿಕೊಡುವ ಕಾರ್ಖಾನೆ. ನೀವು ಮೇಣ ಹುಯ್ಯುವ ಮೇಸ್ತ್ರಿ, ನಾನು ನರ ಕೂರಿಸುವವಳು. ಹಳದಿ ಮೇಣದಲ್ಲಿ ಅದ್ದಿದ ಹತ್ತಿ ದಾರವನ್ನು ಚಿಮಟದಲ್ಲಿ ಹಿಡಿದು, ತಲೆಯಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ, ಬೆನ್ನುಹುರಿಯ ಎರಡೂ ಪಕ್ಕದಿಂದ ಮೂವತ್ತೊಂದು ಜೊತೆ, ಒಂದೊಂದೂ ಕವಲೊಡೆದು ಬೆರಳ ತುದಿಗೆ ಮುಟ್ಟುವ ತನಕ ಕೂರಿಸುವುದು ನನ್ನ ಕೆಲಸವಾಗಿತ್ತು. ಮೊಣಕೈಯ ಹಿಂದೆ, ಒಳಗಡೆಯ ಮೂಳೆಯ ಪಕ್ಕದ ಸಂದಿಯಲ್ಲಿ ಹಾದುಹೋಗುವ ನರವನ್ನು ಎಷ್ಟು ಸಲ ಕೂರಿಸಿದ್ದೇನೋ. ಎಲ್ಲಾದರೂ ತಗುಲಿದರೆ ಜುಮ್ ಅಂತ ಕಿರುಬೆರಳ ತನಕ ಹೊಡೆಯುತ್ತಲ್ಲ, ಅದೇ. ಕಿರುಬೆರಳು ಪೂರ್ತಿ, ಉಂಗುರಬೆರಳು ಅರ್ಧ ಅದರ ಸುಪರ್ದಿ. ಇದನ್ನು ನನಗೆ ಕಲಿಸಿದವರು ಯಾರು? ತಾವೇ ಅಲ್ಲವೇ?

ನಮ್ಮ ಕಾರ್ಖಾನೆಯ ಪದ್ಧತಿ ಇನ್ನೊಂದಿದೆ. ಮೇಣದ ಬಿಸಿಯನ್ನು ಮೇಸ್ತ್ರಿ ಕಿರುಬೆರಳಲ್ಲೇ ನೋಡಬೇಕು. ಆ ಬೆರಳಿಗೆ ಬೇರೆ ಕೆಲಸ ಕಡಿಮೆ, ಚರ್ಮ ತೆಳು, ಬಿಸಿ ಚುರುಕಾಗಿ ಗೊತ್ತಾಗುತ್ತೆ ಅಂತ ಹಿಂದಿನವರು ಮಾಡಿಟ್ಟದ್ದು. ಬೆರಳಂಚು ತಾಗಿಸಿ, ಚುಯ್ ಅಂದರೆ ಇಳಿಸು, ಬೆಚ್ಚಗಿದ್ದರೆ ಹುಯ್ಯಿ. ನಿಮ್ಮ ಬೆರಳ ಬಗ್ಗೆ ಕಾರ್ಖಾನೆಯಲ್ಲಿ ಎಂಥ ಕೊಂಡಾಟ! ಬೇರೆಯವರು ಚಟಕ್ಕನೆ ಕೈ ಎಳೆದುಕೊಳ್ಳುವ ಕಡೆ ನೀವು ನಿಧಾನವಾಗಿ ಬೆರಳಿಟ್ಟು, ಆಲೋಚನೆ ಮಾಡಿ, ಆಮೇಲೆ ತೆಗೆಯುತ್ತಿದ್ದಿರಿ. ಮೇಸ್ತ್ರಿಗೆ ಬಿಸಿಯೇ ತಾಗಲ್ಲ ಅಂತ ಮಾಲೀಕರು ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನೂ ಸೆರಗು ಸರಿಮಾಡಿಕೊಂಡು, ನಮ್ಮ ಯಜಮಾನರು ಅಂತ ಬೀಗುತ್ತಿದ್ದೆ. ಬೊಬ್ಬೆ ಎದ್ದರೆ ಯಾರಿಗೂ ಆಶ್ಚರ್ಯವಿಲ್ಲ, ಮೇಣದವರ ಕೈ ಅಂದಮೇಲೆ ಬೊಬ್ಬೆ ಇಲ್ಲದೆ ಇರುತ್ತಾ? ಬೇರೆ ಯಾವ ಕೆಲಸದಲ್ಲಿದ್ದಿದ್ದರೂ ಯಾರೋ ಒಬ್ಬರು ಏನ್ರೀ ಇದು ಅಂತ ಕೇಳಿರುತ್ತಿದ್ದರು. ನಮ್ಮಲ್ಲಿ ಅದನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದೆವು.

ಬಿಸಿ ತಾಗಿದರೆ ಕೈ ತಾನಾಗಿ ಹಿಂದಕ್ಕೆ ಬರಬೇಕು ಕಣ್ರೀ. ಬೆರಳಿನಿಂದ ಸುದ್ದಿ ಒಳಕ್ಕೆ ಹೋಗುವ ನರ ಒಂದು, ಸ್ನಾಯುವಿಗೆ ಅಪ್ಪಣೆ ತರುವ ನರ ಇನ್ನೊಂದು. ಸುಟ್ಟಿತು ಅನ್ನುವ ಸುದ್ದಿ ಮಿದುಳಿಗೆ ಮುಟ್ಟಿ ಅದು ಯೋಚನೆ ಮಾಡುವ ಮೊದಲೇ ಬೆನ್ನುಹುರಿ ನಡುವೆ ಬಾಯಿ ಹಾಕಿ, ಎಳಿ ಕೈ ಹಿಂದಕ್ಕೆ ಅಂತ ಹೇಳಿ ಮುಗಿಸಿರುತ್ತೆ. ಅಯ್ಯೋ ಅನ್ನುವುದು ಆಮೇಲೆ. ಮಕ್ಕಳ ಮುಂದೆ ಇದನ್ನು ಕೈ ಎಳೆದು ತೋರಿಸಿ ಹೇಳುತ್ತಿದ್ದ ಮನುಷ್ಯನಿಗೆ, ತನ್ನ ಕೈ ಹಿಂದಕ್ಕೆ ಬರುತ್ತಿಲ್ಲ ಅಂತ ಗೊತ್ತಾಗಲಿಲ್ಲವಾ? ಗೊತ್ತಾಯಿತು. ಚೆನ್ನಾಗಿ ಗೊತ್ತಾಯಿತು. ನನ್ನ ಹೊಟ್ಟೆ ಉರಿಯುವುದೇ ಅಲ್ಲಿ.

ಆ ದೊಡ್ಡ ಆರ್ಡರು ನೆನಪಿದೆಯೇ, ಆಳೆತ್ತರದ ಮನುಷ್ಯ, ಮೈತುಂಬ ನರ? ಒಂದು ವರ್ಷದ ನನ್ನ ಕಣ್ಣು ಅದರಲ್ಲಿತ್ತು. ಕೊನೆಯದಾಗಿ ಮೇಲೊಂದು ತೆಳು ಮೇಣದ ಪದರ ಹುಯ್ಯಬೇಕಿತ್ತು, ದಾರ ಅಲುಗಾಡದಂತೆ. ನೀವು ಕಿರುಬೆರಳಿಟ್ಟು ನೋಡಿದಿರಿ, ಸರಿ ಇದೆ ಅಂದಿರಿ, ಹುಯ್ದಿರಿ. ಕುದಿಯುವ ಮೇಣ ಅದು. ನನ್ನ ನರಗಳೆಲ್ಲ ಕರಗಿ, ಜಾರಿ, ಹಳದಿ ನೀರಾಗಿ ಅವನ ಪಾದದ ಹತ್ತಿರ ಬಂದು ನಿಂತವು. ಮಾಲೀಕರು ಓಡಿ ಬಂದರು. ಎಲ್ಲರ ಮುಂದೆ ನೀವು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

“ಮೇಣ ಸರಿಯಾಗೇ ಇತ್ತು. ಇವಳ ದಾರದ್ದೇ ತಪ್ಪು.”

ಹೀಗೆ ಹೇಳಿ ನನ್ನ ತಲೆ ಮೇಲೆ ಗೂಬೆ ಕೂರಿಸಿದಿರಿ. ಮಾರನೆಯ ದಿನ ಮಾಲೀಕರು ನನ್ನನ್ನು ಹಲ್ಲಿನ ಮೇಜಿಗೆ ಹಾಕಿದರು. ಇವತ್ತಿಗೂ ಅಲ್ಲೇ ಇದ್ದೇನೆ, ಬೆಳಗಿಂದ ಸಂಜೆ ತನಕ ದವಡೆ ಹಲ್ಲಿಗೆ ಬಿಳಿ ಬಳಿಯುತ್ತಾ. ನರ ಕೂರಿಸುವ ಮೇಜಿನಲ್ಲಿ ಈಗ ಎರಡು ವರ್ಷದ ಅನುಭವದವಳು ಕೂತಿದ್ದಾಳೆ. ಕುತ್ತಿಗೆಯ ನರಗಳ ಗೊಂಚಲನ್ನು ಜಡೆ ಹೆಣೆದ ಹಾಗೆ ಹೆಣೆಯುತ್ತಾಳೆ, ನೋಡಿ ಹಲ್ಲು ಕಚ್ಚಿಕೊಂಡು ಹಲ್ಲಿಗೇ ಬಿಳಿ ಬಳಿಯುತ್ತೇನೆ.

ಅವತ್ತು ಮನೆಗೆ ಬಂದು ನಾನು ಕೇಳಿದ್ದು ಒಂದೇ. ನಾಳೆಯಿಂದ ಥರ್ಮಾಮೀಟರ್ ಇಟ್ಟುಕೊಳ್ಳಿ, ನಾನೇ ತಂದಿದ್ದೇನೆ ಅಂತ ಮೇಜಿನ ಮೇಲಿಟ್ಟೆ. ನೀವು ಅದನ್ನು ನೋಡಿದ ಪರಿಯೇ ಪರಿ. ನನ್ನ ಕೈಯನ್ನು ನಂಬದ ಮನೆಯಲ್ಲಿ ನಾನಿರಲ್ಲ ಅಂದಿರಿ, ಪೆಟ್ಟಿಗೆ ಕಟ್ಟಿದಿರಿ. ಇಪ್ಪತ್ತು ವರ್ಷದ ಸಂಸಾರ ಒಂದು ಗಾಜಿನ ಕಡ್ಡಿಗೆ ಮುರಿದುಬಿತ್ತು ಅಂತ ನಾನು ನೆರೆಹೊರೆಯವರಿಗೆ ಏನಂತ ಹೇಳಲಿ? ನಿಮಗೆ ಬೇರೆ ಊರಿನ ಮೇಣದಬತ್ತಿ ಫ್ಯಾಕ್ಟರಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ ಅಂದೆ. ಬತ್ತಿಗಳನ್ನು ಡಬ್ಬಿಗೆ ತುಂಬುವ ಕೆಲಸ ಅಂತ ಹೇಳಲಿಲ್ಲ, ನನಗೇ ನಾಚಿಕೆ. ನಿಮ್ಮಕ್ಕ ಬಂದು, ಗಂಡಸರ ಮಾನ ಕಾಯುವುದು ಹೆಂಗಸರ ಕೈಲಿದೆ ಅಂತ ಬಿಟ್ಟಿ ಉಪದೇಶ ಕೊಟ್ಟು ಹೋದರು. ನಿಮಗೆ ಬೇರೆ ಯಾರೋ ಗಂಟುಬಿದ್ದಿರಬೇಕು ಅಂತಲೂ ಒಂದಷ್ಟು ದಿನ ಅಂದುಕೊಂಡೆ. ಹಾಗೇ ಆಗಿದ್ದಿದ್ದರೆ ಚೆನ್ನಾಗಿತ್ತು. ಬಂದು ಅವಳ ಜುಟ್ಟು ಹಿಡಿಯಬಹುದಿತ್ತು.

ಮಗಳು ಹೇಳಿದ ಮಾರನೆಯ ದಿನ ರಜೆ ಹಾಕಿ ದೊಡ್ಡ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆ. ಹಸಿರು ಬಣ್ಣದ ಉದ್ದನೆಯ ಕಾರಿಡಾರು, ಬೆಂಚಿನ ತುಂಬ ಜನ, ಎಲ್ಲರೂ ಗೋಡೆ ನೋಡುತ್ತಾ ಕೂತಿದ್ದರು. ಡಾಕ್ಟರಮ್ಮನ ಮುಂದೆ ಕೂತು ನಿಮ್ಮ ಚಪ್ಪಲಿ, ಹಾಲಿನ ಪಾತ್ರೆ, ಬೆರಳು ಎಲ್ಲ ಹೇಳಿದೆ. ಮೈಮೇಲೆ ಎಲ್ಲಾದರೂ ಬಣ್ಣ ಮಾಸಿದ ಮಚ್ಚೆ ಇತ್ತಾ, ಅಲ್ಲಿ ಬೆವರು ಬರುತ್ತಿತ್ತಾ ಅಂತ ಕೇಳಿದರು. ನನಗೆ ತಕ್ಷಣ ನಿಮ್ಮ ಬೆನ್ನು ಕಣ್ಣಮುಂದೆ ಬಂತು. ಮೇಣ ಕಾಯಿಸುವ ಕೋಣೆಯಲ್ಲಿ ಎಲ್ಲರ ಅಂಗಿಯೂ ಹಿಂಡಿದರೆ ನೀರು, ನಿಮ್ಮ ಅಂಗಿಯಲ್ಲಿ ಮಾತ್ರ ಎಡ ಭುಜದ ಕೆಳಗೆ ಅಂಗೈಯಗಲ ಒಣಗಿಯೇ ಇರುತ್ತಿತ್ತು. ನಿಮ್ಮ ಬೆನ್ನ ಮೇಲೆ ಒಂದು ದ್ವೀಪ ಇದೆ ಅಂತ ನಾನು ತಮಾಷೆ ಮಾಡಿದ್ದೆ. ಅದಾದ ಮೇಲೆ ನೀವು ನನ್ನ ಮುಂದೆ ಅಂಗಿ ತೆಗೆಯುವುದನ್ನೇ ನಿಲ್ಲಿಸಿದಿರಿ. ಮುಂದಿನ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಮಲಗಲು ಶುರು ಮಾಡಿದಿರಿ, ಸೆಖೆ ಅಂತ ಕಾರಣ ಕೊಟ್ಟು. ಚಳಿಗಾಲದಲ್ಲೂ ಸೆಖೆ.

ಕುಷ್ಠ. ನೋಡಿ, ಬರೆದೆ. ಕೈ ಬಿದ್ದುಹೋಗಲಿಲ್ಲ, ಕಾಗದ ಹರಿಯಲಿಲ್ಲ. ನೀವು ಇಷ್ಟು ವರ್ಷ ನಾಲಿಗೆಯ ಮೇಲೆ ತರಲಾರದೆ ನುಂಗಿಕೊಂಡ ಮಾತು ಇಷ್ಟೇ. ಅದು ನರದ ಕಾಯಿಲೆ, ಸ್ವಾಮಿ. ಮಿದುಳಿಗೆ ಏನೂ ಆಗಿರುವುದಿಲ್ಲ, ಬೆನ್ನುಹುರಿಗೂ ಏನೂ ಆಗಿರುವುದಿಲ್ಲ. ಆ ಕ್ರಿಮಿಗೆ ಮೈಯ ತಂಪು ಜಾಗವೇ ಬೇಕಂತೆ, ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುವ ನರಗಳನ್ನು ಹಿಡಿಯುತ್ತದಂತೆ, ಮೊಣಕೈ ಹಿಂದೆ, ಮೊಣಕಾಲ ಪಕ್ಕ, ಹಿಮ್ಮಡಿಯ ಹತ್ತಿರ. ಅಲ್ಲಿ ನರ ಊದಿಕೊಂಡು ಹಗ್ಗದ ಹಾಗೆ ಕೈಗೆ ಸಿಗುತ್ತದಂತೆ. ಮೊದಲು ಬಿಸಿ ತಣ್ಣಗಿನ ಅರಿವು ಹೋಗುತ್ತೆ, ಆಮೇಲೆ ನೋವಿನದು, ಆಮೇಲೆ ಬೆರಳಿನ ಬಲ. ಮೇಲೆ ಕೂತ ಮಿದುಳು ಎಲ್ಲ ಚೆನ್ನಾಗಿದೆ ಅಂದುಕೊಂಡೇ ಇರುತ್ತೆ, ಯಾಕೆಂದರೆ ಕೆಟ್ಟ ಸುದ್ದಿ ತರುವವರೇ ಇಲ್ಲ. ನಮ್ಮ ಮನೆಯಲ್ಲೂ ನೀವು ಮಾಡಿದ್ದು ಅದನ್ನೇ, ಸುದ್ದಿ ಬರುವ ದಾರಿ ಕಡಿದು ನನ್ನನ್ನು ಸುಖವಾಗಿ ಕೂರಿಸಿದಿರಿ.

ನಿಮಗೆ ಗೊತ್ತಿತ್ತು ಅಂತ ನಾನು ಯಾಕೆ ಹೇಳುತ್ತೇನೆ ಗೊತ್ತಾ? ಮಗಳು ಹುಟ್ಟುವ ಮೊದಲು ಒಂದು ಕಾಲೇಜಿನವರು ಚರ್ಮರೋಗಗಳ ಮಾದರಿ ಮಾಡಿಸಿದ್ದರು. ಅದರಲ್ಲಿ ಈ ರೋಗದ ಕೈಯೂ ಒಂದಿತ್ತು. ಹಳೆಯ ಕಾಲದ ಪ್ಲಾಸ್ಟರ್ ಅಚ್ಚು, ಯಾವ ಔಷಧವನ್ನೂ ಕಾಣದ ಪಾಪದ ಮನುಷ್ಯನೊಬ್ಬನ ಕೈಮೇಲೆ ಹಾಕಿ ತೆಗೆದದ್ದು. ಬೆರಳು ಮಡಚಿ, ತುದಿ ಸವೆದು, ನೋಡಲಾಗುತ್ತಿರಲಿಲ್ಲ. ಅದಕ್ಕೆ ಮೇಣ ಹುಯ್ದವರು ನೀವು. ಅವತ್ತು ನೀವು ಊಟ ಮಾಡಲಿಲ್ಲ. ನಿಮ್ಮ ಬೆರಳು ಮರಗಟ್ಟಿದಾಗ ನಿಮ್ಮ ಕಣ್ಣಿಗೆ ಕಂಡದ್ದು ಆ ಅಚ್ಚು. ಇದೇ ನನ್ನ ಕೊನೆ ಅಂದುಕೊಂಡಿರಿ. ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ, ಒಬ್ಬರನ್ನು ಕೇಳಲಿಲ್ಲ, ಅಚ್ಚು ಹೇಳಿದ್ದನ್ನೇ ನಂಬಿ ಹೊರಟುಬಿಟ್ಟಿರಿ. ಇಂಥ ತಪ್ಪನ್ನು ನಮ್ಮಂಥ ಕಸುಬಿನವರು ಮಾತ್ರ ಮಾಡಲು ಸಾಧ್ಯ. ಇದನ್ನು ಡಾಕ್ಟರಮ್ಮನಿಗೆ ಹೇಳಿದಾಗ ಅವರು ತಲೆ ಚಚ್ಚಿಕೊಂಡರು. ವಾಸಿಯಾದವರು ದಿನಾ ಬರುತ್ತಾರಮ್ಮ, ಅವರ ಕೈಯ ಮಾದರಿಯನ್ನು ಯಾರು ಮಾಡಿಸುತ್ತಾರೆ, ಅದು ಬರೀ ಕೈಯ ಹಾಗೆ ಇರುತ್ತೆ ಅಂದರು. ನಾನು ಮನೆಗೆ ಬರುವ ಬಸ್ಸಿನಲ್ಲಿ ಕಂಬಿ ಹಿಡಿದ ಕೈಗಳನ್ನೆಲ್ಲ ನೋಡುತ್ತಾ ಬಂದೆ. ಅದರಲ್ಲಿ ವಾಸಿಯಾದದ್ದು ಯಾರದ್ದು ಅಂತ ಹೇಳುವುದು?

ಮಾತ್ರೆ ಇದೆ ರೀ. ಬಿಟ್ಟಿ ಕೊಡುತ್ತಾರೆ. ತಿಂಗಳಿಗೊಂದು ಮಾತ್ರೆಯ ಹಾಳೆ, ಅದರಲ್ಲಿ ಮೊದಲ ದಿನದ್ದನ್ನು ಅವರೆದುರಿಗೇ ನುಂಗಬೇಕು, ಮಿಕ್ಕದ್ದು ಮನೆಯಲ್ಲಿ. ನಿಮ್ಮದು ಒಂದು ವರ್ಷ ಹಿಡಿಯಬಹುದು ಅಂದರು. ಮೂತ್ರ ಕೆಂಪಗೆ ಹೋಗುತ್ತೆ, ಮೈ ಬಣ್ಣ ಒಂದಿಷ್ಟು ಕಪ್ಪಾಗುತ್ತೆ, ಹೆದರಬೇಡಿ. ಶುರು ಮಾಡಿದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತೆ. ಅದು ತಟ್ಟೆ ಲೋಟದಿಂದ ಬರುವ ಕಾಯಿಲೆಯೂ ಅಲ್ಲ, ಮಗಳ ತಲೆ ಸವರಿದರೆ ಬರುವ ಕಾಯಿಲೆಯೂ ಅಲ್ಲ. ವರ್ಷಾನುಗಟ್ಟಲೆ ಒಂದೇ ಗಾಳಿ ಉಸಿರಾಡಿದವರಲ್ಲೂ ಹೆಚ್ಚಿನವರ ಮೈ ಅದನ್ನು ಹೊರಗೆ ಅಟ್ಟುತ್ತದಂತೆ. ಬಂದರೂ ತೋರಿಸಿಕೊಳ್ಳುವುದಕ್ಕೆ ವರ್ಷಗಳೇ ಬೇಕಂತೆ. ಅಂದಮೇಲೆ ಹರಡುವುದೇನಿದ್ದರೂ ನೀವು ಪೆಟ್ಟಿಗೆ ಕಟ್ಟುವ ಎಷ್ಟೋ ಮೊದಲೇ ಹರಡಿ ಮುಗಿದಿತ್ತು. ನೀವು ಹೋಗಿ ಏನನ್ನು ಉಳಿಸಿದಿರಿ? ನಿಮ್ಮ ಈ ತ್ಯಾಗದಿಂದ ಯಾರು ಉದ್ಧಾರವಾದರು?

ನನಗೆ ಸಿಟ್ಟು ಬಂದಿರುವುದು ರೋಗಕ್ಕಲ್ಲ. ರೋಗಕ್ಕೆ ಕಣ್ಣಿಲ್ಲ, ಯಾರ ಮನೆಗಾದರೂ ಬರುತ್ತೆ. ನಿಮಗೆ ಏನು ಅಧಿಕಾರವಿತ್ತು ಅಂತ ಸಿಟ್ಟು. ನಾನು ಅಸಹ್ಯಪಡುತ್ತೇನೋ ಇಲ್ಲವೋ, ಹತ್ತಿರ ಕೂರುತ್ತೇನೋ ಇಲ್ಲವೋ, ಅದನ್ನು ನಾನು ತಾನೇ ಹೇಳಬೇಕಾದವಳು? ನನ್ನ ಪರವಾಗಿ ನೀವೇ ಯೋಚನೆ ಮಾಡಿ, ನನ್ನ ಪರವಾಗಿ ನೀವೇ ಅಸಹ್ಯಪಟ್ಟು, ನನ್ನ ಪರವಾಗಿ ನಿಮ್ಮನ್ನು ನೀವೇ ಮನೆಯಿಂದ ಹೊರಗೆ ಹಾಕಿಕೊಂಡಿರಿ. ಇದನ್ನು ಪ್ರೀತಿ ಅಂತ ಬೇರೆ ಅಂದುಕೊಂಡಿರುತ್ತೀರಿ, ಆ ಕೋಣೆಯಲ್ಲಿ ಒಬ್ಬರೇ ಕೂತು, ಬೇರೆ ಲೋಟದಲ್ಲಿ ಕಾಫಿ ಕುಡಿಯುತ್ತಾ. ನನ್ನ ಬಗ್ಗೆ ನಿಮಗಿದ್ದ ಅಭಿಪ್ರಾಯ ಇಷ್ಟೇನಾ? ಮೂರು ಸಲ ಟೈಫಾಯ್ಡ್ ಬಂದಾಗ ನಿಮ್ಮ ವಾಂತಿ ಬಾಚಿದವಳು ಯಾರು, ಪಕ್ಕದ ಮನೆಯವಳಾ?

ದಾರದ ವಿಷಯಕ್ಕೆ ಬರುತ್ತೇನೆ. ಬೆರಳು ಮರಗಟ್ಟಿದೆ ಅಂತ ಹೇಳಲು ಬಾಯಿ ಬರಲಿಲ್ಲ, ಒಪ್ಪಿದೆ. ಹೆದರಿದ ಮನುಷ್ಯನ ಬಾಯಲ್ಲಿ ಏನೋ ಬಂತು, ಅದನ್ನೂ ಒಪ್ಪಿದೆ. ಆದರೆ ಆಮೇಲೆ? ನಾನು ಹಲ್ಲಿನ ಮೇಜಿನಲ್ಲಿದ್ದೇನೆ ಅಂತ ಮಗಳು ನಿಮಗೆ ಹೇಳಿದ್ದಾಳೆ, ನೀವು ತಲೆ ಅಲ್ಲಾಡಿಸಿ ಸುಮ್ಮನಾದಿರಂತೆ. ಮಾಲೀಕರಿಗೆ ಒಂದು ಮಾತು, ಮೇಣ ಬಿಸಿಯಿತ್ತು ಸ್ವಾಮಿ, ದಾರ ಸರಿಯಿತ್ತು ಅಂತ, ಹೇಳಿಕಳಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಅದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಸದ್ಯಕ್ಕಿಲ್ಲ. ಬಂದು ಅವರೆದುರು ಹೇಳಿದ ಮೇಲೆ ನೋಡೋಣ.

ಈಗ ಮುಖ್ಯವಾದ ಮಾತು. ಇದನ್ನು ಎರಡು ಸಲ ಓದಿ. ಹೋದ ಸ್ಪರ್ಶ ಪೂರ್ತಿ ಮರಳಿ ಬರುತ್ತೆ ಅಂತ ಯಾರೂ ಮಾತು ಕೊಡುವುದಿಲ್ಲವಂತೆ. ಆದರೆ ಬೆರಳಿನ ಬಲ ಹೋಗಿ ಆರು ತಿಂಗಳ ಒಳಗಾದರೆ, ನರದ ಊತ ಇಳಿಸುವ ಬೇರೆ ಔಷಧ ಕೊಟ್ಟು, ಬೆರಳಿಗೆ ವ್ಯಾಯಾಮ ಮಾಡಿಸಿ, ನೆಟ್ಟಗೆ ಮಾಡಬಹುದಂತೆ. ತಡವಾದರೆ ಬಾಗಿದ್ದು ಬಾಗಿದ್ದೇ. ಹಿಂದಿನ ರಜೆಯಲ್ಲಿ ಮಗಳಿಗೆ ಜಡೆ ಹಾಕಿದ ಬೆರಳು ಈಗ ಬಾಗಿದೆ ಅಂದರೆ ಇನ್ನೂ ಅಷ್ಟು ದಿನ ಆಗಿಲ್ಲ, ನಾನು ಲೆಕ್ಕ ಹಾಕಿ ಡಾಕ್ಟರಮ್ಮನಿಗೆ ಹೇಳಿದೆ. ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ.

“ಹಾಗಾದರೆ ಕೈ ಇನ್ನೂ ನಮ್ಮ ಕೈಯಲ್ಲಿದೆ. ನಾಳೆ ನಾಡಿದ್ದು ಅನ್ನದೆ ಕರೆದುಕೊಂಡು ಬನ್ನಿ.”

ಬರುತ್ತೀರಿ. ನಿಮ್ಮನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಫ್ಯಾಕ್ಟರಿಗೆ ರಜೆ ಹೇಳಿ, ಕೊಡದಿದ್ದರೆ ಕೆಲಸ ಬಿಡಿ, ಡಬ್ಬಿಗೆ ಬತ್ತಿ ತುಂಬುವುದಕ್ಕೆ ಬೇರೆಯವರು ಸಿಗುತ್ತಾರೆ. ಗುರುವಾರ ಬೆಳಗ್ಗೆ ಆಸ್ಪತ್ರೆಯ ದೊಡ್ಡ ಗೇಟಿನ ಹತ್ತಿರ ನಾನು ನಿಂತಿರುತ್ತೇನೆ. ಅಲ್ಲಿಯ ತನಕ ಬಿಸಿ ಪಾತ್ರೆ ಮುಟ್ಟಬೇಡಿ. ರಾತ್ರಿ ಮಲಗುವ ಮೊದಲು ಪಾದ ತಿರುಗಿಸಿ ದೀಪದಲ್ಲಿ ನೋಡಿಕೊಳ್ಳಿ, ಗಾಯವಾಗಿದ್ದರೆ ಕಾಲು ನಿಮಗೆ ಹೇಳುವುದಿಲ್ಲ, ಕಣ್ಣೇ ಹೇಳಬೇಕು. ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಳ್ಳಿ, ದುಡ್ಡಿಗೆ ಹಿಂದೆಮುಂದೆ ನೋಡಬೇಡಿ.

ನಾಲ್ಕು ಜನ ಏನಂತಾರೆ ಅಂತ ಹೆದರಿಕೆ ಇದ್ದರೆ ಆ ನಾಲ್ಕು ಜನರನ್ನು ನನ್ನ ಹತ್ತಿರ ಕಳಿಸಿ. ನಿಮ್ಮಕ್ಕನನ್ನೂ ಸೇರಿಸಿ. ಬರದೆ ಇನ್ನೂ ದೊಡ್ಡಸ್ತಿಕೆ ತೋರಿಸಿದರೆ ನಾನು ಬರುತ್ತೇನೆ, ಮಗಳನ್ನೂ ಕರೆತರುತ್ತೇನೆ, ಅವಳು ಸ್ಟೇಷನ್ ಹಚ್ಚಿದರೆ ನಿಮ್ಮ ಓನರಮ್ಮನಿಂದ ಹಣ್ಣಿನ ಗಾಡಿಯವನ ತನಕ ಎಲ್ಲರಿಗೂ ಸುದ್ದಿ ಮುಟ್ಟುತ್ತೆ. ಆಮೇಲೆ ಬಚ್ಚಿಡುವುದಕ್ಕೆ ಏನೂ ಉಳಿದಿರುವುದಿಲ್ಲ, ಒಂದು ರೀತಿ ಅದೂ ಒಳ್ಳೆಯದೇ.

ಮುಂದಿನ ಕೋಣೆಯ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಮಲಗುವುದು ಎಲ್ಲಿ ಅಂತ ನೀವೇನೂ ತೀರ್ಮಾನ ಮಾಡಬೇಕಾಗಿಲ್ಲ.

ಇಷ್ಟು ಬೈದರೂ ಹೊಟ್ಟೆ ತಣ್ಣಗಾಗದ,
ನಿಮ್ಮ ಹೆಂಡತಿ

ತಾ.ಕ.: ಡಾಕ್ಟರಮ್ಮ ನಿಮ್ಮ ಕಥೆ ಕೇಳಿ ಮುಗಿಸಿದ ಮೇಲೆ ಮನೆಮಂದಿಯನ್ನೂ ನೋಡಬೇಕು ಅಂದರು. ಮಗಳನ್ನು ಶನಿವಾರ ಕರೆದೊಯ್ದೆ, ಅಡಿಯಿಂದ ಮುಡಿಯ ತನಕ ನೋಡಿದರು, ಅವಳಿಗೆ ಏನೂ ಇಲ್ಲ. ನನಗಿದೆ. ಎರಡೂ ಭುಜದ ನಡುವೆ, ನನ್ನ ಕಣ್ಣಿಗಾಗಲಿ ಕೈಗಾಗಲಿ ಸಿಗದ ಕಡೆ, ಎರಡು ವರ್ಷದಿಂದಾದರೂ ಇರಬೇಕಂತೆ. ನನ್ನ ಬೆನ್ನು ನೋಡುವ ಮನುಷ್ಯ ಲೋಕದಲ್ಲಿ ಒಬ್ಬನೇ ಇದ್ದ, ಅವನು ನನ್ನನ್ನು ಕಾಪಾಡುತ್ತೇನೆ ಅಂತ ಬೇರೆ ಊರಿಗೆ ಹೋಗಿ ಕೂತಿದ್ದ. ಗಾಬರಿಯಾಗಬೇಡಿ, ಬೆರಳುಗಳೆಲ್ಲ ಚೆನ್ನಾಗಿವೆ, ಮೊದಲ ಮಾತ್ರೆ ನುಂಗಿಯಾಯಿತು. ಮಗಳಿಗೆ ಇನ್ನೂ ಹೇಳಿಲ್ಲ, ಒಬ್ಬಳೇ ಹೇಳುವುದಕ್ಕೆ ನನಗೆ ಧೈರ್ಯ ಸಾಲಲಿಲ್ಲ. ಮಚ್ಚೆ ದೊಡ್ಡದಾಗುತ್ತಿದೆಯೋ ಇಲ್ಲವೋ ಅಂತ ವಾರಕ್ಕೊಮ್ಮೆ ಮನೆಯವರು ಯಾರಾದರೂ ನೋಡುತ್ತಿರಬೇಕಂತೆ. ಯಾರನ್ನು ಕರೆಯಲಿ, ನೀವೇ ಹೇಳಿ.